ಫಾಸ್ಟ್ ರ‍್ಯಾಮ್ ಅಂತೆ, ಫಾಸ್ಟ್!

ಭಾಗ 1/6
ನಿನ್ನೆ ರಾತ್ರಿ ಕ್ಲಾಸ್ ಗ್ರೂಪ್‌ನಲ್ಲಿ ಶುರುವಾದ ಜಗಳನ ಇಲ್ಲಿಗೆ ಎಳ್ಕೊಂಡು ಬಂದಿದೀನಿ, ಕ್ಷಮಿಸಿ. ನಮ್ಮ ಬೆಂಚಿನವನೊಬ್ಬ ತನ್ನ 16 ಜಿಬಿ 2666 ರ‍್ಯಾಮ್ ಮಾರಿ 3600ರ ಕಿಟ್ ತಗೊಳ್ತಾನಂತೆ. ಅದೂ ಅದೇ 16 ಜಿಬಿ. ದುಡ್ಡು ಎಲ್ಲಿಂದ? ಅಮ್ಮ ಎತ್ತಿದ ಚೀಟಿಯಿಂದ. ಯಾಕೋ ಅಂದ್ರೆ ಯಾವ್ದೋ ರೀಲ್‌ನಲ್ಲಿ ಪಿಸಿ ರಾಕೆಟ್ ಆಗುತ್ತೆ ಅಂದ್ರಂತೆ. ಆ ರೀಲ್ ನಾನೂ ನೋಡಿದೀನಿ. ಬಣ್ಣಬಣ್ಣದ ಲೈಟು, ಹಿಂದೆ ಡಿಜೆ ಹಾಡು, ಕೊನೆಗೆ ಕೊಂಡ್ಕೊಳ್ಳೋ ಲಿಂಕ್. ಅಳತೆ ಅನ್ನೋದು ಹುಡುಕಿದ್ರೂ ಇಲ್ಲ.

ಭಾಗ 2/6
ನೀನ್ಯಾರೋ ಹೇಳೋಕೆ ಅಂತೀರಾ? ನಾನು ಇದೇ ಗುಂಡಿಗೆ ಬಿದ್ದು ಎದ್ದವನು ಗುರು.

ನಂದು ಐ5-10400, ಬೋರ್ಡ್ ಎಚ್410. ಎರಡು ವರ್ಷದ ಹಿಂದೆ ಎಸ್.ಪಿ. ರೋಡ್‌ಗೆ ಹೋಗಿ, ಬಿಸಿಲಲ್ಲಿ ಏಳೆಂಟು ಅಂಗಡಿ ಅಲೆದು, ಚೌಕಾಸಿ ಮಾಡಿ, 3200ರ ಕಿಟ್ ತಂದೆ. ಹಳೆ 2666 ಕಡ್ಡಿಗಳನ್ನ ಅರ್ಧ ಬೆಲೆಗೆ ಕೊಟ್ಟು ಬಂದೆ. ಮನೆಗೆ ಬಂದು ಹಾಕಿ, ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಸ್ಪೀಡ್: 2666. ಬಯೋಸ್ ಒಳಗೆ ಹೊಕ್ಕು ರಾತ್ರಿ ಒಂದು ಗಂಟೆವರೆಗೆ ಹುಡುಕಾಡಿದೆ. ಆಮೇಲೆ ಪ್ರೊಸೆಸರ್‌ನ ವಿವರಪಟ್ಟಿ ಓದಿದೆ. ಕೊಳ್ಳೋಕೆ ಮುಂಚೆ ಓದ್ಬೇಕಿತ್ತು, ಗೊತ್ತು. ಆ ಪ್ರೊಸೆಸರ್‌ಗೆ ಮೆಮೊರಿಯ ಅಧಿಕೃತ ಮಿತಿಯೇ 2666. ಎಚ್410 ಬೋರ್ಡ್ ಅದನ್ನ ದಾಟೋಕೆ ಬಿಡಲ್ಲ. ಅಂದ್ರೆ ನಾನು ದುಡ್ಡು ಕೊಟ್ಟು ತಂದಿದ್ದು ಅದೇ ವೇಗದ ರ‍್ಯಾಮ್, ಬೇರೆ ಸ್ಟಿಕರ್ ಜೊತೆ.

ನಮ್ಮ ಬೆಂಚಿನವನ ಪ್ರೊಸೆಸರೂ ಅದೇ, ಬೋರ್ಡೂ ಅದೇ. 3600 ತಂದ್ರೂ ಓಡೋದು 2666ರಲ್ಲೇ. ಇದು ಹೇಳಿದ್ದಕ್ಕೆ ನಿನ್ನೆ ನಂಗೆ ‘ಹೊಟ್ಟೆಕಿಚ್ಚು’ ಅಂತ ಬಿರುದು ಬಂತು.

ಭಾಗ 3/6
ಸರಿ, ಬೋರ್ಡ್ ಬಿಡುತ್ತೆ ಅಂತಾನೇ ಇಟ್ಕೊಳ್ಳೋಣ. ಆಗ್ಲಾದ್ರೂ ರಾಕೆಟ್ ಆಗುತ್ತಾ?

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ಸಂಖ್ಯೆ ಅರ್ಧ ಕಥೆ ಮಾತ್ರ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸಿಎಲ್ ಅಂತ ಇನ್ನೊಂದು ಇರುತ್ತೆ. ಕೇಳಿದ ಡೇಟಾ ಬರೋಕೆ ರ‍್ಯಾಮ್ ಎಷ್ಟು ಸುತ್ತು ಕಾಯಿಸುತ್ತೆ ಅನ್ನೋ ಲೆಕ್ಕ ಅದು. ಸಿಎಲ್ ಅನ್ನ 2000ದಿಂದ ಗುಣಿಸಿ, ಸ್ಪೀಡ್‌ನಿಂದ ಭಾಗಿಸಿ. ಉತ್ತರ ನ್ಯಾನೋಸೆಕೆಂಡ್‌ನಲ್ಲಿ ಸಿಗುತ್ತೆ. ಈಗ್ಲೇ ಫೋನ್‌ನಲ್ಲಿ ಮಾಡಿ ನೋಡಿ:

2666, ಸಿಎಲ್ 19 → 14.25
3200, ಸಿಎಲ್ 22 → 13.75
3200, ಸಿಎಲ್ 16 → 10
ಡಿಡಿಆರ್5 6000, ಸಿಎಲ್ 30 → 10

ಮೊದಲ ಎರಡರ ನಡುವೆ ಅರ್ಧ ನ್ಯಾನೋಸೆಕೆಂಡ್! ಕೊನೆಯ ಎರಡು ನೋಡಿ, ಸ್ಪೀಡ್ ಸಂಖ್ಯೆ ಹತ್ತಿರ ಹತ್ತಿರ ದುಪ್ಪಟ್ಟು, ಕಾಯೋ ಹೊತ್ತು ಒಂದೇ. ಒಂದೇ ಸಲಕ್ಕೆ ಸಾಗಿಸೋ ಡೇಟಾ ಹೆಚ್ಚಾಗುತ್ತೆ, ನಿಜ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ವಿಎಸ್ ಕೋಡ್, ಲ್ಯಾಬ್ ರೆಕಾರ್ಡ್, ಮಧ್ಯೆ ಒಂದು ಗೇಮ್ ಅನ್ನೋ ನಮ್ಮ ಬಾಳಿಗೆ ಆ ಅಗಲ ತುಂಬೋದೇ ಅಪರೂಪ.

(ಅಂದಹಾಗೆ 3200 ‘ಮೆಗಾಹರ್ಟ್ಸ್’ ಅಂತ ಅಂಗಡಿಯವರು ಹೇಳೋದೂ ತಪ್ಪು. ಗಡಿಯಾರ ಓಡೋದು 1600ರಲ್ಲಿ, ಪ್ರತಿ ಸುತ್ತಿಗೆ ಎರಡು ಸಲ ಡೇಟಾ ಹೋಗುತ್ತೆ. ಇದನ್ನ ಹೇಳಿ ಅಂಗಡಿಯಲ್ಲಿ ಜಗಳ ಆಡ್ಬೇಡಿ, ನಾನು ಆಡಿದೀನಿ, ಡಿಸ್ಕೌಂಟ್ ಕೊಡಲ್ಲ.)

ಭಾಗ 4/6
ಈಗ ಅಸಲು ವಿಷಯ. ಅವನ ಪಿಸಿಯಲ್ಲಿ ವಿಂಡೋಸ್ ಇರೋದು ಇವತ್ತಿಗೂ ತಿರುಗೋ ಹಾರ್ಡ್ ಡಿಸ್ಕ್ ಮೇಲೆ! ಒಂದು ಫೈಲ್ ಕೇಳಿದ್ರೆ ಅದರ ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ಓದೋಕೆ ಸುಮಾರು 10 ಮಿಲಿಸೆಕೆಂಡ್. ಅಂದ್ರೆ 1 ಕೋಟಿ ನ್ಯಾನೋಸೆಕೆಂಡ್. ಅಲ್ಲಿ ಕೋಟಿ ಸೋರ್ತಾ ಇದೆ, ಇವನು ಇಲ್ಲಿ ಅರ್ಧ ಉಳಿಸೋಕೆ ಹೊರಟಿದಾನೆ. ಒಂದು ಸಾಧಾರಣ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಅಲ್ಲಿಗೆ ಸಾಗಿಸಿದ್ರೆ ಸಿಗೋ ಬದಲಾವಣೆ ಅವನ ಅಮ್ಮನಿಗೂ ಕಾಣುತ್ತೆ.

ಭಾಗ 5/6
ಹಾಗಾದ್ರೆ ಫಾಸ್ಟ್ ರ‍್ಯಾಮ್ ಯಾರಿಗೂ ಬೇಡ್ವಾ? ಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ದೆ ರೈಜನ್ 5600ಜಿ ತರದ ಚಿಪ್‌ನಲ್ಲಿ ಗೇಮ್ ಆಡೋರಿಗೆ ಖಂಡಿತ ಬೇಕು. ಅಲ್ಲಿ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ನಮ್ಮ ರ‍್ಯಾಮ್‌ನಿಂದಾನೇ ಕಡ ತಗೋಬೇಕು. ಆದ್ರೆ ಅವರೂ ಮೊದಲು ನೋಡ್ಬೇಕಾದ್ದು ಕಡ್ಡಿ ಎಷ್ಟಿದೆ ಅಂತ. 3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಚಾನೆಲ್‌ನಲ್ಲಿ ಎರಡು ಕಡ್ಡಿ ಹಾಕಿದ್ರೆ 51.2. ಒಂಟಿ ಕಡ್ಡಿ ಇಟ್ಕೊಂಡು 3600ರ ಕನಸು ಕಾಣೋರು ನಮ್ಮ ಹಾಸ್ಟೆಲ್‌ನಲ್ಲೇ ಮೂವರಿದಾರೆ, ಹೆಸರು ಹೇಳಲ್ಲ.

ಹೊಸದಾಗಿ ಪಿಸಿ ಕಟ್ಟಿಸೋರ ಮಾತೂ ಬೇರೆ. ಹೆಂಗೂ ಕೊಳ್ಳಲೇಬೇಕು, ವ್ಯತ್ಯಾಸ ನಾಲ್ಕು ಕಾಸಾದ್ರೆ ಒಳ್ಳೇದೇ ತಗೊಳ್ಳಿ, ತಂದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ರೆ ಅದು ಕಡಿಮೆ ವೇಗದಲ್ಲೇ ಓಡ್ತಾ ಇರುತ್ತೆ, ನಿಮಗೆ ಗೊತ್ತೂ ಆಗಲ್ಲ.

ನನ್ನ ತಕರಾರು ಇರೋದು ಚೆನ್ನಾಗಿರೋ ರ‍್ಯಾಮ್ ಕಿತ್ತು ಅಷ್ಟೇ ಜಿಬಿಯ ಇನ್ನೊಂದನ್ನ ಹಾಕೋದರ ಬಗ್ಗೆ.

ಭಾಗ 6/6
ಅದೂ ಇಂಥ ಹೊತ್ತಲ್ಲಿ. ಎಐ ಸರ್ವರ್‌ಗಳು ಮೆಮೊರಿನೆಲ್ಲ ನುಂಗ್ತಾ ಇವೆ, ಚಿಪ್ ಮಾಡೋ ಕಂಪನಿಗಳು ಆ ಕಡೆಗೇ ವಾಲಿವೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ನಮ್ಮಂಥವರಿಗೆ ಮಾರೋ ತನ್ನ ಕ್ರೂಶಿಯಲ್ ವ್ಯವಹಾರನೇ ನಿಲ್ಲಿಸ್ತೀವಿ ಅಂತ ಘೋಷಿಸ್ತು. ಹಿಂದೆ ನಾನು ಕಳ್ಕೊಂಡಿದ್ದು ಒಂದಿಷ್ಟು ಪಾಕೆಟ್ ಮನಿ. ಇವತ್ತಿನ ರೇಟಲ್ಲಿ ಅದೇ ತಪ್ಪು ಮಾಡಿದ್ರೆ ಚೀಟಿ ದುಡ್ಡಲ್ಲಿ ದೊಡ್ಡ ತೂತು.

ಮಗಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಪಿಸಿ ತೊದಲೋ ಹೊತ್ತಲ್ಲೇ ಟಾಸ್ಕ್ ಮ್ಯಾನೇಜರ್ ತೆಗಿ. ಮೆಮೊರಿ 16ರಲ್ಲಿ 15 ತುಂಬಿದ್ಯಾ? ಹಾಗಿದ್ರೆ ಜಿಬಿ ಜಾಸ್ತಿ ಮಾಡೋ ಮಾತಾಡೋಣ. ಡಿಸ್ಕ್ 100% ತೋರಿಸ್ತಿದ್ಯಾ? ಎಸ್‌ಎಸ್‌ಡಿ ತಗೋ, ಹಾಕೋಕೆ ನಾನೇ ಬರ್ತೀನಿ, ಸ್ಕ್ರೂಡ್ರೈವರ್ ಇದೆ. ಸ್ಕ್ರೀನ್‌ಶಾಟ್ ಕಳ್ಸು ಮೊದ್ಲು. ಅಲ್ಲಿವರೆಗೂ ಆ ಲಿಂಕ್ ಒತ್ಬೇಡ.

#ರ‍್ಯಾಮ್‌ಪುರಾಣ #ಎಸ್‌ಪಿರೋಡ್ #ಚೀಟಿದುಡ್ಡು