ಬಾಯಿ ತೆರೆಸಿ ಹಲ್ಲು ಮಾತ್ರ ನೋಡುವವರು

ಮುಂಬಯಿಯ ಉಪನಗರಗಳಲ್ಲಿ ಈಗೀಗ ವಡಾಪಾವ್ ಗಾಡಿಗಿಂತ ಹಲ್ಲಿನ ಕ್ಲಿನಿಕ್ಕುಗಳೇ ಜಾಸ್ತಿಯೇನೋ ಅನ್ನಿಸುತ್ತೆ. ಸಂತೋಷ. ಆದರೆ ನನ್ನದೊಂದು ಪ್ರಶ್ನೆ ಇದೆ. ನೀವು ರೊಟೀನ್ ಚೆಕಪ್ ಅಂತ ಹೋದಾಗ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆಳೆದು ಅದರ ಅಂಚು ನೋಡಿದ ಡಾಕ್ಟರು ಎಷ್ಟು ಜನ? ಕೆನ್ನೆಯ ಒಳಭಾಗವನ್ನು ಕನ್ನಡಿಯಿಂದ ಸರಿಸಿ ಬೆಳಕು ಬಿಟ್ಟು ನೋಡಿದವರು? ಕುತ್ತಿಗೆಯ ಎರಡೂ ಕಡೆ ಬೆರಳಿಂದ ಒತ್ತಿ, ಗಂಟೇನಾದರೂ ಇದೆಯಾ ಅಂತ ತಡವಿದವರು?

ನಾನು ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು. ನನ್ನದು, ಮನೆಯವರದು, ಮಕ್ಕಳದು ಅಂತ ಹಲ್ಲಿನ ನೆಪದಲ್ಲಿ ಹತ್ತಿಳಿದ ಕ್ಲಿನಿಕ್ಕುಗಳು ಒಂಬತ್ತೋ ಹತ್ತೋ. ನಾಲಿಗೆ ಹಿಡಿದು ನೋಡಿದವರು ಒಬ್ಬರೇ, ವಯಸ್ಸಾದ ಒಬ್ಬ ಡಾಕ್ಟರು. ಅವರೂ ಈಗ ಕ್ಲಿನಿಕ್ ಮುಚ್ಚಿ ಮನೆಯಲ್ಲಿದ್ದಾರೆ. ಮಿಕ್ಕವರೆಲ್ಲ ಎರಡು ನಿಮಿಷ ಇಣುಕಿ ನೋಡಿ, ಕಂಪ್ಯೂಟರಿನಿಂದ ಒಂದು ಎಸ್ಟಿಮೇಟ್ ತೆಗೆದು ಕೈಗಿಟ್ಟರು. ಎರಡು ಕ್ಯಾಪು, ಒಂದು ರೂಟ್ ಕೆನಾಲು, ಜೊತೆಗೆ ಹಲ್ಲು ಬಿಳಿ ಮಾಡೋ ಪ್ಯಾಕೇಜು, ಈ ತಿಂಗಳು ಡಿಸ್ಕೌಂಟು! ಇದು ತಪಾಸಣೆಯೋ ಕೊಟೇಶನ್ನೋ, ನೀವೇ ಹೇಳಿ.

ಬ್ಯಾಂಕಿನಲ್ಲಿ ಸ್ಟಾಕ್ ಇನ್‌ಸ್ಪೆಕ್ಷನ್ ಅಂತ ಒಂದು ಕೆಲಸ ಇದೆ. ಸಾಲಕ್ಕೆ ಅಡಮಾನ ಇಟ್ಟ ಮಾಲು ಗೋಡೌನಿನಲ್ಲಿ ನಿಜವಾಗಿ ಇದೆಯಾ ಅಂತ ಹೋಗಿ ನೋಡಬೇಕು. ಮುಂದಿನ ಸಾಲಿನ ಮೂಟೆ ಎಣಿಸಿ, ಪಾರ್ಟಿ ತರಿಸಿದ ಚಹಾ ಕುಡಿದು, ಎಲ್ಲ ಸರಿಯಿದೆ ಅಂತ ಬರೆದು ಬರುವ ಮಹಾಶಯರು ನಮ್ಮಲ್ಲೂ ಇದ್ದರು. ಹಿಂದಿನ ಸಾಲಿನ ಚೀಲಗಳಲ್ಲಿ ಹೊಟ್ಟು ತುಂಬಿತ್ತು ಅನ್ನೋದು ಗೊತ್ತಾಗುತ್ತಿದ್ದದ್ದು ಖಾತೆ ಎನ್‌ಪಿಎ ಆದ ಮೇಲೆ. ಬಾಯಿಯ ವಿಷಯದಲ್ಲೂ ಅಷ್ಟೇ. ಹಲ್ಲು ಮುಂದಿನ ಸಾಲಿನ ಮೂಟೆ. ನಾಲಿಗೆಯ ಅಂಚು, ನಾಲಿಗೆಯ ಕೆಳಗಿನ ಜಾಗ, ಕೆನ್ನೆಯ ಹಿಂಭಾಗ, ಇವೆಲ್ಲ ಹಿಂದಿನ ಸಾಲು.

ಹಾಗಾದರೆ ಸರಿಯಾದ ತಪಾಸಣೆ ಅಂದರೆ ಏನು? ಬಿಡಿಎಸ್ ಓದುವ ಹುಡುಗರಿಗೆ ಕಾಲೇಜಿನಲ್ಲಿ ಹೇಳಿಕೊಡುವುದೇ ಇದು, ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಬಾಯಿ ತೆರೆಸುವ ಮೊದಲೇ ಕೇಳಬೇಕು: ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ, ಮೂಳೆ ಸವೆತಕ್ಕೆ ಔಷಧಿ ನಡೀತಿದೆಯಾ, ತಂಬಾಕು, ಅಡಿಕೆ, ಮದ್ಯದ ಅಭ್ಯಾಸ ಉಂಟಾ ಅಂತ. ಆಮೇಲೆ ಮುಖ, ಕುತ್ತಿಗೆ, ದವಡೆಯ ಕೀಲು. ನಂತರ ತುಟಿ, ಕೆನ್ನೆ, ನಾಲಿಗೆ, ಅಂಗುಳ. ಇಷ್ಟಾದ ಮೇಲೆ ವಸಡು. ಅದಕ್ಕೆ ಮಿಲಿಮೀಟರ್ ಗುರುತುಗಳಿರುವ ಒಂದು ಸಪೂರ ಕಡ್ಡಿ ಇದೆ, ಪ್ರೋಬ್ ಅಂತಾರೆ. ವಸಡು ಹಲ್ಲಿನ ಮಧ್ಯೆ ಅದನ್ನು ಮೆಲ್ಲಗೆ ಇಳಿಸಿದರೆ ಒಂದರಿಂದ ಮೂರು ಮಿಲಿಮೀಟರ್ ಹೋಗುವುದು ಸಹಜ. ನಾಲ್ಕು ಐದು ಹೋಯಿತು, ರಕ್ತ ಬಂತು ಅಂದರೆ ಒಳಗೆ ಹಲ್ಲಿನ ಬುಡ ಸಡಿಲವಾಗುತ್ತಿರಬಹುದು, ನೋವಿಲ್ಲದೇನೇ. ನಮ್ಮ ವಯಸ್ಸಿನವರು ಹುಳುಕಿಗೆ ಮಾತ್ರವಲ್ಲ, ಹೀಗೆ ವಸಡು ಕೈಕೊಟ್ಟೂ ಹಲ್ಲು ಕಳಕೊಳ್ಳುತ್ತೇವೆ. ಸಕ್ಕರೆ ಕಾಯಿಲೆಗೂ ವಸಡಿಗೂ ಎರಡೂ ಕಡೆಯಿಂದ ನಂಟು, ಒಂದು ಕೆಟ್ಟರೆ ಇನ್ನೊಂದನ್ನೂ ಎಳೆಯುತ್ತೆ. ಹುಳುಕು, ಹಳೇ ಫಿಲ್ಲಿಂಗು, ಎಕ್ಸ್‌ರೇ ಎಲ್ಲ ಕೊನೆಗೆ. ನಮ್ಮಲ್ಲಿ ಅದೇ ಮೊದಲು, ಅದೇ ಕೊನೆ.

ಆರು ತಿಂಗಳಿಗೊಮ್ಮೆ ಬನ್ನಿ ಅಂತ ಎಸ್ಸೆಮ್ಮೆಸ್ ಕಳಿಸೋದು ಮಾತ್ರ ತಪ್ಪುವುದಿಲ್ಲ. ಬ್ರಿಟನ್ನಿನವರು 2004ರಲ್ಲೇ ಈ ಆರು ತಿಂಗಳ ಮಂತ್ರ ಬಿಟ್ಟು, ದೊಡ್ಡವರಿಗೆ ಅವರವರ ಅಪಾಯ ನೋಡಿಕೊಂಡು ಮೂರು ತಿಂಗಳಿಂದ ಎರಡು ವರ್ಷದವರೆಗೆ ಅಂತರ ಇಡಿ ಅಂದರು. ಅಪಾಯ ಅಳೆಯದವರು ಅಂತರ ಹೇಗೆ ಹೇಳುತ್ತಾರೋ!

ಈಗ ನಮ್ಮವರಿಗೆ ಸಿಟ್ಟು ಬರುವ ಮಾತು. ಕನ್ನಡ ಸಂಘದ ಊಟದ ನಂತರ ತಟ್ಟೆಯಲ್ಲಿ ಬರುವ ಅಡಿಕೆಯನ್ನು ಯಾರೂ ಚಟ ಅಂತ ಲೆಕ್ಕಕ್ಕೆ ತಗೊಳಲ್ಲ. ತಂಬಾಕು ಇಲ್ಲವಲ್ಲ ಸ್ವಾಮಿ, ಬರೀ ಅಡಿಕೆ, ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಶಿರಸಿ, ತೀರ್ಥಹಳ್ಳಿ ಕಡೆಯ ಬೆಳೆಗಾರರ ಮೇಲೆ ನನಗೇನೂ ಹಗೆಯಿಲ್ಲ. ಅಗಿಯುವವನ ಬಾಯಿಯನ್ನು ಒಬ್ಬರಾದರೂ ನೋಡಲಿ ಅನ್ನುವುದಷ್ಟೇ ನನ್ನ ತಕರಾರು. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಿಧಾನಕ್ಕೆ ಬಿಗಿಯುತ್ತೆ, ಖಾರ ತಿಂದರೆ ಉರಿ, ಬರ್ತಾ ಬರ್ತಾ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಸಾಮಾನ್ಯವಾಗಿ ಮೂರು ಬೆರಳು ನಿಲ್ಲಿಸಿ ಇಡುವಷ್ಟು ತೆರೆಯಬೇಕಾದ ಬಾಯಿ ಎರಡಕ್ಕೆ, ಒಂದಕ್ಕೆ ಇಳಿಯುತ್ತೆ. ಇದನ್ನು ಪತ್ತೆ ಮಾಡಲು ಯಾವ ಮೆಷೀನು ಬೇಕು? ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಜೋಡಿಯಾಗಿ ಮಾರಿದರು. ನಿಷೇಧ ಕಾಗದದಲ್ಲಿದೆ, ಚೀಟಿ ಪ್ಲಾಟ್‌ಫಾರಂ ಮೇಲೆ ಬಿದ್ದಿದೆ.

ಬರೀ ಕಣ್ಣಲ್ಲಿ ನೋಡಿದರೆ ಏನು ಪ್ರಯೋಜನ ಅನ್ನುವವರಿಗೆ ಉತ್ತರ ಕೇರಳದಲ್ಲಿದೆ. ತಿರುವನಂತಪುರದ ಕಡೆ 1996ರಿಂದ ಸುಮಾರು ಎರಡು ಲಕ್ಷ ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಅದರ ಒಂದು ಗುಂಪಿನವರ ಬಾಯಿಯನ್ನು ಟಾರ್ಚ್ ಬಿಟ್ಟು ನೋಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಹಲ್ಲಿನ ಡಾಕ್ಟರೂ ಅಲ್ಲ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲೊಂದು ಪಾಲು ಇಳಿದಿತ್ತು. ಟಾರ್ಚಿನಿಂದ ಅವರು ಮಾಡಿದ್ದನ್ನು ಲಕ್ಷಗಟ್ಟಲೆ ಬೆಲೆಯ ಕುರ್ಚಿ, ತಲೆ ಮೇಲೆ ದೀಪ ಇಟ್ಟುಕೊಂಡವರು ಮಾಡುವುದಿಲ್ಲ!

ಅಮೆರಿಕದ ತಜ್ಞರ ಸಮಿತಿಯೊಂದು 2013ರಲ್ಲಿ ಇಂಥ ತಪಾಸಣೆಗೆ ಸಾಕಷ್ಟು ಪುರಾವೆ ಇಲ್ಲ ಅಂದಿದೆಯಲ್ಲ ಅಂತ ಒಬ್ಬ ಯುವ ಡಾಕ್ಟರು ನನ್ನ ಬಾಯಿ ಮುಚ್ಚಿಸಲು ನೋಡಿದರು (ಬಾಯಿ ತೆರೆಸಬೇಕಾದವರು!). ನಿಜ, ಅಂದಿದೆ. ಆದರೆ ಆ ಮಾತು ಅಲ್ಲಿನ ಸಾಮಾನ್ಯ ವೈದ್ಯರಿಗೆ, ಯಾವ ಲಕ್ಷಣವೂ ಇಲ್ಲದವರ ಬಗ್ಗೆ. ಹಲ್ಲಿನ ಡಾಕ್ಟರಿಗೆ ಅನ್ವಯಿಸುವುದಿಲ್ಲ ಅಂತ ಆ ಸಮಿತಿಯೇ ಹೇಳಿದೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ 2016ರ ಸೂಚನೆಯಂತೂ ಮೂವತ್ತು ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಿ ಅನ್ನುತ್ತೆ. ಇನ್ನು ಟೈಮಿಲ್ಲ, ಅದಕ್ಕೆ ಯಾರೂ ಫೀಸು ಕೊಡೋಲ್ಲ ಅನ್ನುವ ವಾದ. ಕೆಲವೇ ನಿಮಿಷದ ಕೆಲಸ ಸ್ವಾಮಿ. ಬೇಕಿದ್ದರೆ ಬಿಲ್ಲಿನಲ್ಲಿ ಬೇರೆ ಸಾಲು ಬರೆದು ಇನ್ನೂರು ರೂಪಾಯಿ ಸೇರಿಸಿ, ಸಂತೋಷವಾಗಿ ಕೊಡುತ್ತೇನೆ.

ಇಷ್ಟು ಯಾಕೆ ಕೂಗಾಡುತ್ತೇನೆ ಅಂದರೆ, ಊರಿಂದ ಬಂದವರನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಕರಕೊಂಡು ಹೋಗುವ ಕೆಲಸ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ವಿಜಾಪುರ, ಕಲಬುರ್ಗಿ ಕಡೆಯವರು ರಾತ್ರಿ ಗಾಡಿಯಲ್ಲಿ ಬಂದಿಳಿಯುತ್ತಾರೆ, ಭಾಷೆಗೆ ನಾವು ಬೇಕು. ದವಡೆಗೆ ಟವೆಲ್ ಸುತ್ತಿಕೊಂಡು ಕೂತವರನ್ನು ಅಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲೊಬ್ಬರು ಅದಕ್ಕೆ ಎಂಟು ತಿಂಗಳ ಹಿಂದೆ ತಮ್ಮ ಊರಿನಲ್ಲಿ ಹಲ್ಲು ಕೀಳಿಸಿಕೊಂಡಿದ್ದರು. ಪಕ್ಕದಲ್ಲೇ ಬಿಳಿ ಮಚ್ಚೆ ಇತ್ತಂತೆ, ನೋವಿರಲಿಲ್ಲವಂತೆ. ಕಿತ್ತವರು ಹಲ್ಲು ಕಿತ್ತು ಕಳಿಸಿದರು.

ಮುಂದಿನ ಸಲ ಕುರ್ಚಿಯಲ್ಲಿ ಒರಗುವ ಮೊದಲು ಕೇಳಿ ನೋಡಿ: ಡಾಕ್ಟ್ರೇ, ನಾಲಿಗೆ ಕೆಳಗೆ, ಕೆನ್ನೆ ಹಿಂದೆ ನೋಡ್ತೀರಲ್ಲ? ವಸಡಿನ ಅಳತೆ ಬರೆದು ಕೊಡ್ತೀರಲ್ಲ? ಹದಿನೈದು ದಿನವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೀವೇ ಬೆರಳಿಟ್ಟು ತೋರಿಸಿ. ಮುಖ ಸಿಂಡರಿಸಿದರೆ ಎಸ್ಟಿಮೇಟನ್ನು ಅಲ್ಲೇ ಬಿಟ್ಟು ಎದುರಿನ ಕ್ಲಿನಿಕ್ಕಿಗೆ ನಡೀರಿ. ಈ ಊರಲ್ಲಿ ಅದಕ್ಕೇನೂ ಬರವಿಲ್ಲ.