ಹೊಸ ಯೋಚನೆಯೂ ದಿನದ ಕೆಲಸವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೆಂಗಳೂರು, ಹೈದರಾಬಾದುಗಳ ಸಣ್ಣ ತಂತ್ರಜ್ಞಾನ ಸಂಸ್ಥೆಗಳಲ್ಲಿ ದುಡಿಯುತ್ತಿರುವರು. ರಾಯಚೂರಿಗೆಂದು 2019ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಸ್ಥಾಪಿತವಾದಂದಿನಿಂದ ದೇವದುರ್ಗ, ಮಾನ್ವಿಗಳ ತಾಯಿತಂದೆಗಳೂ ಈ ಉದ್ಯೋಗದ ವಿಷಯವಾಗಿ ನಮ್ಮನ್ನು ವಿಚಾರಿಸುವರು.

ಇಂಥ ಸಂಸ್ಥೆಗಳಲ್ಲಿ ಕೈಗಳು ಕೆಲವೇ. ಯೋಚಿಸತಕ್ಕವಳೂ ಮಾಡಿ ಮುಗಿಸತಕ್ಕವಳೂ ಒಬ್ಬಳೇ. ದಿನದಿನದ ಲೆಕ್ಕವನ್ನೇ ಕೇಳುತ್ತಿದ್ದರೆ ಹೊಸ ಯೋಚನೆಯು ಬಾಡುವದು. ಯೋಚನೆಗೆ ಗಡುವೇ ಇಲ್ಲದಿದ್ದರೆ ಸಂಬಳಕ್ಕೆ ಹಣವು ಹುಟ್ಟದು.

2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಸಿಂಪ್ಯೂಟರ್ ಎಂಬ, ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರನ್ನು ಮಾಡಿ ತೋರಿಸಿದರು. ಓದು ಬಾರದವರಿಗೆ ಅದು ಕನ್ನಡದಲ್ಲಿ ಓದಿ ಹೇಳಬಲ್ಲದಾಗಿತ್ತು. ಕಲ್ಪನೆಯು ಶ್ರೇಷ್ಠವೇ ಸರಿ. ಆದರೆ ಸಾಮಾನ್ಯ ಜನರ ಮಾರಾಟಕ್ಕೆ ಬರುವಷ್ಟರಲ್ಲಿ 2004 ಆಗಿತ್ತು, ಮೊಬೈಲ್ ಫೋನು ಅಗ್ಗವಾಗುತ್ತ ಬಂದಿತ್ತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

1995ರಲ್ಲಿ ಹುಟ್ಟಿದ ಸೆಲ್ಕೋ ಎಂಬ ಸೌರದೀಪದ ಸಂಸ್ಥೆಯಾದರೋ ಬಳಸುವವರ ಮನೆಗೇ ಹೋಗಿ, ದೀಪವು ಎಲ್ಲಿ ಬೇಕೆಂದು ಕೇಳಿ ಜೋಡಿಸಿತು. ಅಲ್ಲಿ ಹೊಸ ಯೋಚನೆಯು ದಿನದ ಕೆಲಸದೊಳಗಿಂದಲೇ ಮೊಳೆಯಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು.

ಆದಕಾರಣ ಸಂಸ್ಥೆಯನ್ನು ನಡಿಸುವವರು ವಾರದಲ್ಲಿ ಅರ್ಧ ದಿನವನ್ನಾದರೂ ಹೊಸ ಪ್ರಯತ್ನಕ್ಕೆ ಮೀಸಲಿಡತಕ್ಕದ್ದು. ಅದನ್ನು ಬಳಸುವವರ ಕೈಗೆ ಕೊಡುವ ದಿನವನ್ನೂ ಮೊದಲೇ ಗೊತ್ತುಮಾಡತಕ್ಕದ್ದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದೆಂಬುದು ನಮ್ಮ ಅಭಿಪ್ರಾಯವು. ತಾಯಿತಂದೆಗಳಾದರೂ ಮಗಳಿಗೆ ಸಂಬಳವೆಷ್ಟೆಂದು ಕೇಳುವಂತೆಯೇ, ಅಲ್ಲಿ ಯೋಚಿಸುವದಕ್ಕೆ ಬಿಡುವುಂಟೋ ಎಂತಲೂ ಕೇಳಲಿ.