ಬೆಟ್ಟವಿಲ್ಲದ ಬೆಟ್ಟದೂರು

ಆಸ್ಟ್ರೇಲಿಯದ ಒಳನಾಡಿನಲ್ಲಿ ಬ್ರೋಕನ್ ಹಿಲ್ ಎಂಬುದೊಂದು ಊರು. ಒಡೆದ ಬೆಟ್ಟ ಎಂದು ಅದರ ಅರ್ಥ. ಹೆಸರನ್ನು ಕೇಳಿದ ವಾಚಕರು ಅಲ್ಲೊಂದು ಬೆಟ್ಟವಿರಬೇಕೆಂದು ಊಹಿಸಿದರೆ ಅದು ಸಹಜವೇ. ಆದರೆ ಊರಿಗೆ ಹೆಸರನ್ನಿತ್ತ ಆ ಬೆಟ್ಟ ಈಗ ಅಲ್ಲಿಲ್ಲ. ಅದನ್ನು ಅಗೆದು, ಪುಡಿಮಾಡಿ, ಕರಗಿಸಿ ಮನುಷ್ಯರು ಎಂದೋ ಸಾಗಿಸಿಬಿಟ್ಟಿದ್ದಾರೆ. ಇಂದು ಊರ ನಡುವೆ ಬೆಟ್ಟದಂತೆ ತೋರುವುದು ಗಣಿಯಿಂದ ಹೊರಕ್ಕೆ ಸುರಿದ ಕಲ್ಲುಮಣ್ಣಿನ ಉದ್ದನೆಯ ರಾಶಿ. ಕೋಲಾರದ ಚಿನ್ನದ ಗಣಿಯ ಬಳಿ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಈ ನೋಟ ತೀರ ಅಪರಿಚಿತವೆನಿಸದು.

ಅಡಿಲೇಡ್ ನಗರದಿಂದ ಈ ಊರಿಗೆ ಸುಮಾರು 500 ಕಿಲೋಮೀಟರು. ನಾವು ಹೊರಟಿದ್ದು ಕ್ಯಾರವಾನಿನಲ್ಲಿ. ಅಂದರೆ ಮೋಟಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ, ಗಾಲಿಗಳ ಮೇಲಿನ ಪುಟ್ಟ ಮನೆಯಲ್ಲಿ. ಮಲಗಲು ಮಂಚ, ಸಾರು ಕುದಿಸಲು ಒಲೆ, ಒಂದು ತೊಟ್ಟಿ ನೀರು, ಇಷ್ಟಿದ್ದರೆ ಗೃಹಕೃತ್ಯ ಸಾಂಗವಾಗಿ ನಡೆಯುತ್ತದೆ. ಸೂರ್ಯಾಸ್ತದ ಮೊದಲೇ ಬಿಡಾರ ಸೇರಬೇಕೆಂಬುದೊಂದೇ ಕಟ್ಟುನಿಟ್ಟು. ಮಬ್ಬುಗತ್ತಲಾಯಿತೆಂದರೆ ಕಾಂಗರೂಗಳು ರಸ್ತೆಗೆ ಹಾರುತ್ತವೆ. ರಾಜ್ಯದ ಗಡಿಯನ್ನು ದಾಟಿ ನ್ಯೂ ಸೌತ್ ವೇಲ್ಸನ್ನು ಹೊಕ್ಕರೂ ಗಡಿಯಾರದ ಮುಳ್ಳನ್ನು ತಿರುಗಿಸಬೇಕಾಗಿಲ್ಲ. ಈ ಊರು ತನ್ನ ರಾಜಧಾನಿಯಾದ ಸಿಡ್ನಿಯ ಕಾಲವನ್ನು ಒಪ್ಪದೆ, ಅರ್ಧ ಗಂಟೆ ಹಿಂದಿರುವ ನೆರೆರಾಜ್ಯದ ಕಾಲವನ್ನೇ ಅನುಸರಿಸುತ್ತದೆ. ಸಿಡ್ನಿ ಇಲ್ಲಿಂದ 1,100 ಕಿಲೋಮೀಟರಿಗೂ ಆಚೆ. ಅಲ್ಲಿಂದ ನೇರ ರೈಲು ಬಂದದ್ದೇ 1927ರಲ್ಲಿ. ಅಷ್ಟು ದೂರದ ತಾಯಿಗಿಂತ ಹತ್ತಿರದ ಚಿಕ್ಕಮ್ಮನೇ ಆಪ್ತಳಾದರೆ ಆಶ್ಚರ್ಯವೇನು?

ಬೀದಿಗಳ ಹೆಸರನ್ನು ಓದುತ್ತ ನಡೆದರೆ ರಸಾಯನಶಾಸ್ತ್ರದ ಪರೀಕ್ಷೆಗೆ ಕುಳಿತಂತಾಗುತ್ತದೆ: ಕ್ಲೋರೈಡ್ ಬೀದಿ, ಸಲ್ಫೈಡ್ ಬೀದಿ, ಆಕ್ಸೈಡ್ ಬೀದಿ, ಬ್ರೋಮೈಡ್ ಬೀದಿ. ಮುಖ್ಯ ಬೀದಿಗೆ ಬೆಳ್ಳಿಯ ಹೆಸರು, ಆರ್ಜೆಂಟ್. ಇದು ವಿಲ್ಯಾಕಲಿ ಜನರ ನೆಲ. 1883ರಲ್ಲಿ ಕುರಿಗಾವಲಿನ ಬೇಲಿಯನ್ನು ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ರಾಸ್ಪ್ ಎಂಬಾತ ಇಲ್ಲಿನ ಕಪ್ಪು ಕಲ್ಲನ್ನು ತವರವೆಂದು ಭಾವಿಸಿ, ಜೊತೆಗಾರರನ್ನು ಸೇರಿಸಿಕೊಂಡು ಏಳು ಜನರ ಪಾಲುದಾರಿಕೆ ಕಟ್ಟಿದ. ಸಿಕ್ಕಿದ್ದು ತವರವಲ್ಲ, ಬೆಳ್ಳಿ, ಸೀಸ, ಸತುಗಳ ಮಹಾ ಅದಿರು. 1885ರಲ್ಲಿ ಹುಟ್ಟಿದ ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪೆನಿಯೇ ಮುಂದೆ ಬಿ.ಎಚ್.ಪಿ. ಎಂದು ಲೋಕವಿಖ್ಯಾತವಾಯಿತು. ಕಂಪೆನಿ 1939ರಲ್ಲಿ ಇಲ್ಲಿನ ಗಣಿಯನ್ನು ಬಿಟ್ಟು ಹೋಯಿತು. ಹೆಸರು ಮಾತ್ರ ಜೊತೆಯಲ್ಲಿ ಹೋಯಿತು.

ಆ ಕಲ್ಲುರಾಶಿಯ ನೆತ್ತಿಯ ಮೇಲೆ ತುಕ್ಕುಬಣ್ಣದ ಉಕ್ಕಿನ ಸ್ಮಾರಕವೊಂದಿದೆ. ಪ್ರವಾಸಿಗಳು ಹತ್ತುವುದು ಅಲ್ಲಿಂದ ಕಾಣುವ ಊರ ನೋಟಕ್ಕಾಗಿ. ಒಳಗೆ ಕಾಲಿಟ್ಟ ಮೇಲೆ ಯಾರೂ ನೋಟದ ಮಾತನ್ನಾಡುವುದಿಲ್ಲ. ಗಣಿಯಲ್ಲಿ ಮಡಿದ 800ಕ್ಕೂ ಹೆಚ್ಚು ಜನರ ಹೆಸರುಗಳು ಅಲ್ಲಿವೆ. ಸತ್ತ ಬಗೆಯನ್ನೂ ಬರೆದಿದ್ದಾರೆ. ಬಂಡೆ ಕುಸಿದು, ಕೂಪಕ್ಕೆ ಬಿದ್ದು, ಮದ್ದು ಸಿಡಿದು, ಸೀಸದ ವಿಷವೇರಿ. ಒಂದು ಸಾಲನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಸೊಸೆ ಕೈಮಗುವನ್ನೆತ್ತಿಕೊಂಡು ಹೊರಗೆ ಬಂದುಬಿಟ್ಟಳು.

ಈ ಹೆಸರುಗಳನ್ನು ಓದಿದ ಮೇಲೆ ಊರಿನ ಕಾರ್ಮಿಕರ ಹಠ ಅರ್ಥವಾಗುತ್ತದೆ. 1919ರ ಮೇ ತಿಂಗಳಲ್ಲಿ ಆರಂಭವಾದ ಮುಷ್ಕರ 1920ರ ನವೆಂಬರಿನವರೆಗೆ ನಡೆಯಿತು. ಹದಿನೆಂಟು ತಿಂಗಳು ಸಂಬಳವಿಲ್ಲದ ಮನೆಗಳಲ್ಲಿ ಒಲೆ ಹೇಗೆ ಉರಿಯಿತೋ, ಆ ಗೃಹಿಣಿಯರೇ ಬಲ್ಲರು. ಕೊನೆಗೆ ನೆಲದಡಿಯ ಕೆಲಸಗಾರರಿಗೆ ವಾರಕ್ಕೆ 35 ಗಂಟೆಯ ದುಡಿಮೆ ದೊರಕಿತು. ಲೋಕದ ಬಹುಭಾಗ ಇನ್ನೂ ಆ ಲೆಕ್ಕಕ್ಕೆ ಬಂದಿಲ್ಲ.

ಊರ ಉತ್ತರ ಭಾಗದಲ್ಲಿ ಕೆಂಪು ಬಣ್ಣ ಬಳಿದ ಒಂದು ಪುಟ್ಟ ತಗಡಿನ ಮಸೀದಿಯಿದೆ. ರೈಲು, ಲಾರಿಗಳಿಲ್ಲದ ಕಾಲದಲ್ಲಿ ಈ ಮರುಭೂಮಿಗೆ ಹಿಟ್ಟು, ಚಹಾ, ಯಂತ್ರದ ಬಿಡಿಭಾಗಗಳನ್ನು ಹೊತ್ತು ತಂದವು ಒಂಟೆಗಳು. ಅವನ್ನು ನಡೆಸಿದವರು ಆಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬುಗಳಿಂದ ಬಂದವರು. ಊರವರು ಎಲ್ಲರನ್ನೂ ಒಟ್ಟಾಗಿ ‘ಆಫ್ಘನ್ನರು’ ಎಂದು ಕರೆದರು. ಅವರ ಒಂಟೆ ಬಿಡಾರದ ಜಾಗದಲ್ಲಿ ನಿಂತಿರುವ ಮಸೀದಿ ಈಗ ವಸ್ತುಸಂಗ್ರಹಾಲಯವಾಗಿದೆ. 1915ರ ಹೊಸವರ್ಷದ ದಿನ ಅಂತಹ ಇಬ್ಬರು ವಲಸಿಗರು ವನಭೋಜನಕ್ಕೆ ಹೊರಟಿದ್ದ ರೈಲಿನ ಮೇಲೆ ಗುಂಡು ಹಾರಿಸಿದರು. ನಾಲ್ವರು ಸತ್ತರು, ದಾಳಿಕೋರರೂ ಗುಂಡೇಟಿಗೆ ಬಲಿಯಾದರು. ಇಬ್ಬರ ಕೃತ್ಯಕ್ಕಾಗಿ ಉಳಿದವರೆಲ್ಲರ ಮೇಲೆ ಬಹುಕಾಲ ಸಂಶಯದ ನೆರಳು ಬಿದ್ದದ್ದು ಖೇದಕರ. ಅವರು ಹೊತ್ತು ತಂದ ಹಿಟ್ಟಿನ ರೊಟ್ಟಿಯನ್ನು ತಿನ್ನದವರು ಈ ಊರಲ್ಲಿ ಯಾರಿದ್ದರು?

ಅಂದಿನ ರೈಲು ಹೊರಟಿದ್ದು 25 ಕಿಲೋಮೀಟರು ದೂರದ ಸಿಲ್ವರ್‌ಟನ್ನಿನ ಕಡೆಗೆ. ಒಂದು ಕಾಲಕ್ಕೆ ಬೆಳ್ಳಿಯಿಂದ ಮೆರೆದು ಸುಮಾರು 3,000 ಜನರಿದ್ದ ಆ ಪಟ್ಟಣದಲ್ಲಿ ಈಗ ಬೆರಳೆಣಿಕೆಯ ಕುಟುಂಬಗಳು. ಹಳೆಯ ಸೆರೆಮನೆ, ಒಂದು ಹೋಟೆಲು, ಕೆಲವು ಕಲ್ಲಿನ ಕಟ್ಟಡಗಳು. 1981ರ ‘ಮ್ಯಾಡ್ ಮ್ಯಾಕ್ಸ್ 2’ ಚಲನಚಿತ್ರವನ್ನು ಇಲ್ಲಿಯ ಬಯಲಿನಲ್ಲಿ ಚಿತ್ರಿಸಿದ್ದರಿಂದ ಯುವಕರು ಇಂದಿಗೂ ಬರುತ್ತಾರೆ. ಆಚೆಗಿನ ಮುಂಡಿ ಮುಂಡಿ ದಿಣ್ಣೆಯ ಮೇಲೆ ನಿಂತರೆ ದಿಗಂತದವರೆಗೆ ಒಂದೇ ಸಮತಲ. ಊರ ಹೊರಗಿನ ಗುಡ್ಡದ ಮೇಲೆ 1993ರಲ್ಲಿ ನಾನಾ ದೇಶದ ಶಿಲ್ಪಿಗಳು ಕಡೆದ ಮರಳುಗಲ್ಲಿನ ಹನ್ನೆರಡು ಶಿಲ್ಪಗಳನ್ನೂ ಸಂಜೆ ನೋಡಬೇಕು; ಅಸ್ತಮಾನದ ಬೆಳಕಿನಲ್ಲಿ ಕಲ್ಲು ಕೆಂಡದಂತಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಯಾವ ಪ್ರವಾಸಿಯೂ ಛಾಯಾಚಿತ್ರ ತೆಗೆಯದ ಒಂದು ತಂತಿಬೇಲಿ. ಗಣಿಯ ಕುಲುಮೆಗೂ ಆಸರೆಗಂಬಕ್ಕೂ ಸುತ್ತಣ ಮರಗಳನ್ನೆಲ್ಲ ಕಡಿದರು. ಉಳಿದುದನ್ನು ಕುರಿ, ಮೇಕೆ, ಮೊಲಗಳು ಮೇದವು. ಬೋಳಾದ ನೆಲದಿಂದ ಧೂಳೆದ್ದು ಮನೆಗಳ ಬೇಲಿಯನ್ನೇ ಹೂಳುತ್ತಿತ್ತು. ಆಲ್ಬರ್ಟ್ ಮಾರಿಸ್ ಎಂಬ ಗಣಿಯ ಲೋಹಪರೀಕ್ಷಕ ಬಿಡುವಿನ ವೇಳೆಯಲ್ಲಿ ಸಸ್ಯಗಳನ್ನು ಅಭ್ಯಾಸ ಮಾಡುತ್ತಿದ್ದವನು. ಗಿಡ ನೆಡುವುದಕ್ಕಿಂತ ಮೊದಲು ಮೇಯುವ ಬಾಯಿಯನ್ನು ತಡೆಯಿರಿ, ನೆಲದಲ್ಲಿ ಅಡಗಿರುವ ಬೀಜ ಮಳೆ ಬಂದಾಗ ತಾನೇ ಮೊಳೆಯುತ್ತದೆ ಎಂಬುದು ಅವನ ವಾದ. 1936ರಲ್ಲಿ ಜಿಂಕ್ ಕಾರ್ಪೊರೇಷನ್ ಮೊಲ ನುಸುಳದ ಬೇಲಿ ಹಾಕಿಸಿತು. ಮುಲ್ಗಾ ಎಂಬ ಜಾಲಿಯ ಜಾತಿಯ ಮರವೂ ಬೂದುಬಣ್ಣದ ಉಪ್ಪುಗಿಡವೂ ತಾವಾಗಿಯೇ ಚಿಗುರಿದವು. ಮಾರಿಸ್ 1939ರಲ್ಲಿ ತೀರಿಕೊಂಡ. ಬೇಲಿ ಮುಂದೆ ಬೆಳೆದು ಊರನ್ನು ಸುತ್ತುವರಿಯಿತು.

ಧೂಳು ತಗ್ಗಿದರೂ ಸೀಸ ಹೋಗಿಲ್ಲ. ಗಣಿಗಾರಿಕೆ ಇನ್ನೂ ನಡೆದಿದೆ. ಊರಿನ ಪುಟ್ಟ ಮಕ್ಕಳ ರಕ್ತದಲ್ಲಿ ಸೀಸವೆಷ್ಟಿದೆಯೆಂದು ಇಂದಿಗೂ ಪರೀಕ್ಷಿಸುತ್ತಾರೆ, ಆಡಿ ಬಂದ ಮಗುವಿನ ಕೈ ತೊಳೆಸದೆ ತಿಂಡಿ ಕೊಡಬೇಡಿರೆಂದು ತಾಯಂದಿರಿಗೆ ಹೇಳುತ್ತಾರೆ. 2015ರಲ್ಲಿ ಇಡೀ ನಗರವನ್ನೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದರು. ಆಸ್ಟ್ರೇಲಿಯದಲ್ಲಿ ಬೇರಾವ ನಗರಕ್ಕೂ ಅದಕ್ಕೆ ಮೊದಲು ಆ ಗೌರವ ಸಂದಿರಲಿಲ್ಲ.

ಹೋಗಬಯಸುವವರು ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಹೋಗುವುದು ಲೇಸು. ರಾತ್ರಿ ಚಳಿಗೆ ಕಂಬಳಿಯಿರಲಿ. ಸ್ಮಾರಕಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಿರಿ. ಬೇಲಿಯನ್ನು ನೋಡಲು ಚೀಟಿ ಬೇಕಾಗಿಲ್ಲ.